ಆಲೆಮನೆಗೆ ಬಂದ ಫೈಬರ್ ದೋಣಿ

ಗುಜರಿಯವನಿಗೂ ಬೇಡವಾಗಿದ್ದ ದೋಣಿ ಅದು. ಪಾಂಡವಪುರ ರಸ್ತೆಯಲ್ಲಿ ಅವನ ಅಂಗಡಿ ಹಿಂದೆ, ಹೊಂಗೆ ಮರದ ಕೆಳಗೆ ಬಿದ್ದಿತ್ತು. ಒಳಗೆ ಗೇಣುದ್ದ ಮಳೆನೀರು, ಕೊಳೆತ ಎಲೆ, ಒಂದಷ್ಟು ಗೊದಮೊಟ್ಟೆ. ಎಲ್ಲೋ ಬೋಟಿಂಗ್ ನಡೆಸುತ್ತಿದ್ದವರು ಹಳೇ ಸಾಮಾನು ಹರಾಜು ಹಾಕಿದಾಗ ಕಬ್ಬಿಣದ ಜೊತೆ ಬಂದದ್ದಂತೆ. "ಕಬ್ಬಿಣ ಆದ್ರೆ ಕರಗಿಸ್ತಾರೆ ಸಾರ್. ಬಕೆಟ್ ಪ್ಲಾಸ್ಟಿಕ್ ಆದ್ರೂ ಕರಗಿಸ್ತಾರೆ. ಇದನ್ನ ಯಾರೂ ಮುಟ್ಟಲ್ಲ" ಎಂದ. ಅವನು ಹೇಳಿದ್ದು ಸರಿ. ನಾವು ಫೈಬರ್ ಅನ್ನುವುದು ಗಾಜಿನ ಎಳೆ ಮತ್ತು ರೆಸಿನ್ ಎಂಬ ಅಂಟಿನಂಥ ದ್ರವ ಸೇರಿದ್ದು. ರೆಸಿನ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಕಾಯಿಸಿದರೆ ಸುಟ್ಟುಹೋಗುತ್ತದೆ, ಅಷ್ಟೇ.

13 ಅಡಿ ಉದ್ದ. ಒಂದು ಬಕೆಟ್ ನೀರು ಎರಚಿ ಉಜ್ಜಿದರೆ ಹೊರಮೈ ಹೊಳೆಯುತ್ತಿತ್ತು. 6,000 ರೂಪಾಯಿ ಕೊಟ್ಟೆ. ಟ್ರ್ಯಾಕ್ಟರ್ ಬಾಡಿಗೆ ಬೇರೆ. ನೀರೆಲ್ಲ ಚೆಲ್ಲಿ, ನಾಲ್ಕು ಜನ ಸೇರಿ ಎತ್ತಲು ಹೋದರೆ ಮೂತಿ ಮಾತ್ರ ಎದ್ದಿತು, ಹಿಂಭಾಗ ಅಲ್ಲಾಡಲಿಲ್ಲ. ಇಷ್ಟು ಉದ್ದದ ಖಾಲಿ ದೋಣಿಯನ್ನು ನಾಲ್ವರು ಆರಾಮಾಗಿ ಎತ್ತಬೇಕು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ದುಡ್ಡು ಕೊಟ್ಟಾಗಿತ್ತು.

ಶ್ರೀರಂಗಪಟ್ಟಣದ ಹತ್ತಿರ ನಮ್ಮ ದೊಡ್ಡಪ್ಪನ ಆಲೆಮನೆ ಇದೆ. ಕಬ್ಬೆಲ್ಲ ಕಾರ್ಖಾನೆಗೆ ಹೋಗಲು ಶುರುವಾದ ಮೇಲೆ ಅಲ್ಲಿ ಒಲೆ ಹಚ್ಚಿಲ್ಲ. ಎತ್ತರದ ತಗಡಿನ ಸೂರು, ಮೂರು ಕಡೆ ಗೋಡೆಯಿಲ್ಲ, ಗಾಳಿ ಚೆನ್ನಾಗಿ ಆಡುತ್ತದೆ. ರೆಸಿನ್ ವಾಸನೆಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ದೊಡ್ಡಪ್ಪ ದೋಣಿಯ ಸುತ್ತ ಒಂದು ಸುತ್ತು ಬಂದರು. "ಏನ್ಲಾ ಇದು, ಹೊಳೇಲಿ ಹೋಗಕ್ಕೆ ಒಂದು ತೆಪ್ಪ ಸಾಕಾಗಿತ್ತಲ್ಲ?" ಎಂದರು. ಅವರ ಮಾತೂ ನಿಜವೇ. ನಮ್ಮ ಕಡೆ ಮೀನು ಹಿಡಿಯುವವರು ಬಿದಿರು ಹೆಣೆದು, ಮೇಲೆ ಪ್ಲಾಸ್ಟಿಕ್ ಹೊದಿಸಿ, ಟಾರು ಬಳಿದ ತೆಪ್ಪದಲ್ಲೇ ಕಾವೇರಿ ದಾಟುತ್ತಾರೆ. ಹರಿದರೆ ಮತ್ತೊಂದು ತೇಪೆ. ಒಬ್ಬನೇ ತಲೆ ಮೇಲೆ ಹೊತ್ತು ಹೋಗಬಹುದು. ನಾನು ಉತ್ತರ ಕೊಡಲಿಲ್ಲ.

ಮೊದಲ ಕೆಲಸ ತಟ್ಟಿ ನೋಡುವುದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟುತ್ತಾರಲ್ಲ, ಹಾಗೆ. ಸ್ಕ್ರೂಡ್ರೈವರ್ ಹಿಡಿಯಿಂದ ಅಂಗುಲ ಅಂಗುಲವಾಗಿ ತಟ್ಟಿದೆ. ಪಕ್ಕದ ಮೈ ಟಣ್ ಟಣ್ ಎಂದಿತು. ಅಲ್ಲಿ ಮರವಿಲ್ಲ, ಬರೀ ಫೈಬರ್. ಒಳಗಿನ ನೆಲ ದಪ್ ದಪ್ ಎಂದಿತು. ಹಿಂದಿನ ಹಲಗೆಗೆ ಬಂದರೆ ಶಬ್ದವೇ ಇಲ್ಲ, ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ. ಮೋಟಾರು ಕೂರಿಸುವ ಈ ಹಿಂದಿನ ಹಲಗೆಯನ್ನು ಟ್ರಾನ್ಸಮ್ ಅನ್ನುತ್ತಾರೆ. ಒಳಗೊಂದು, ಹೊರಗೊಂದು ಫೈಬರ್ ಪದರ, ನಡುವೆ ಪ್ಲೈವುಡ್. ಒಳಗಿನ ಪದರಕ್ಕೆ ಮಾತ್ರ 6 ಮಿಮೀ ಡ್ರಿಲ್ ಹಾಕಿದೆ. ಒಳ್ಳೆ ಮರವಾಗಿದ್ದರೆ ಒಣ ತಿಳಿ ಬಣ್ಣದ ಸುರುಳಿ ಬರಬೇಕು. ಬಂದದ್ದು ಫಿಲ್ಟರ್ ಕಾಫಿ ಇಳಿಸಿದ ಮೇಲೆ ಉಳಿಯುವ ಚರಟ. ಕಪ್ಪು, ಒದ್ದೆ. ಹಿಂದೆಯೇ ಕಂದು ನೀರು ಒಂದು ಗೆರೆಯಾಗಿ ಇಳಿಯಿತು. ಐದು ತೂತು ಹಾಕಿದೆ. ನಾಲ್ಕರಲ್ಲಿ ಅದೇ ಕಥೆ.

"ಗೆದ್ದಲು ಹಿಡಿದದೆ ಕಣ್ಲಾ" ಎಂದರು ದೊಡ್ಡಪ್ಪ. ಗೆದ್ದಲಲ್ಲ, ಬೂಷ್ಟು. ಮರ ಕೊಳೆಸುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು, ಒಂದಿಷ್ಟು ಬೆಚ್ಚಗೂ ಇರಬೇಕು. ಪೂರ್ತಿ ಒಣಗಿದ ಮರ ಕೊಳೆಯುವುದಿಲ್ಲ. ಪೂರ್ತಿ ಮುಳುಗಿದ ಮರವೂ ಬೇಗ ಕೊಳೆಯುವುದಿಲ್ಲ. ಅರ್ಧಂಬರ್ಧ ಒದ್ದೆಯಾಗಿ, ಆರಲು ದಾರಿಯಿಲ್ಲದೆ ಸಿಕ್ಕಿಹಾಕಿಕೊಂಡ ಮರದ ಕಥೆ ಮುಗಿದ ಹಾಗೆ. ಫೈಬರ್ ಪದರದ ನಡುವಿನ ಪ್ಲೈವುಡ್‌ಗೆ ಆಗುವುದು ಇದೇ. ಒಂದು ಸಣ್ಣ ತೂತು ಸಾಕು. ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಒಳಗಿನ ನೆಲ ಕತ್ತರಿಸುವ ಮುಂಚೆ ಆಧಾರ ಕೊಟ್ಟೆ. ಇದನ್ನು ಬಿಡಬೇಡಿ. ನೆಲ ಮತ್ತು ಅದರ ಕೆಳಗಿನ ಉದ್ದ ತೊಲೆಗಳನ್ನು ತೆಗೆದ ಮೇಲೆ ಫೈಬರ್ ಚಿಪ್ಪಿಗೆ ಬಿಗಿ ಇರುವುದಿಲ್ಲ, ತನ್ನ ಭಾರಕ್ಕೇ ಸೊಟ್ಟಗಾಗುತ್ತದೆ. ಆ ಸೊಟ್ಟದಲ್ಲೇ ಹೊಸ ಮರ ಕೂರಿಸಿದರೆ ದೋಣಿ ಯಾವತ್ತೂ ನೆಟ್ಟಗೆ ಹೋಗುವುದಿಲ್ಲ. ನೀಲಗಿರಿ ಕಂಬ ಕೊಯ್ಸಿ, ಮೈಯ ಆಕಾರಕ್ಕೆ ಮೂರು ಕಡೆ ಅಡ್ಡಪಟ್ಟಿ ಮಾಡಿ, ಮೇಲೆ ಹಳೇ ಸೈಕಲ್ ಟೈರು ಹಾಸಿದೆ. ಎರಡು ಅಂಚಿನ ನಡುವಿನ ಅಗಲವನ್ನು ಐದು ಕಡೆ ಅಳೆದು ಆಲೆಮನೆ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಕೆಲಸ ಮುಗಿಯುವ ತನಕ ವಾರಕ್ಕೊಮ್ಮೆ ಅಳೆದು ತಾಳೆ ನೋಡುತ್ತಿದ್ದೆ.

ಆಮೇಲೆ ಗ್ರೈಂಡರ್. ನೆಲದ ಅಂಚಿನಿಂದ ಎರಡು ಅಂಗುಲ ಬಿಟ್ಟು ಸುತ್ತ ಕೊಯ್ದೆ. ಎತ್ತಿದರೆ ಇಡೀ ನೆಲ ಹಪ್ಪಳದ ಹಾಗೆ ಮುರಿದು ಬಂತು. ಕೆಳಗೆ ಹಳದಿ ಫೋಮು. ದೋಣಿ ಮುಳುಗದಿರಲಿ ಅಂತ ತುಂಬಿರುತ್ತಾರೆ. ಒಂದು ತುಂಡು ಕಿತ್ತು ಹಿಂಡಿದೆ, ನೀರು ಸುರಿಯಿತು. ಒಂದು ಘನ ಅಡಿ ನೀರು ಎಂದರೆ 28 ಕೆಜಿ. ಅಲ್ಲಿ ನಾಲ್ಕೈದು ಘನ ಅಡಿ ಫೋಮಿತ್ತು. ನಾಲ್ಕು ಜನರಿಗೆ ಯಾಕೆ ಅಲ್ಲಾಡಲಿಲ್ಲ ಅಂತ ಈಗ ಗೊತ್ತಾಯಿತು. ತೊಲೆಗಳು ಇನ್ನೂ ಮಜ. ಹೊರಗೆ ಫೈಬರ್ ಹಾಗೇ ನಿಂತಿದೆ, ಒಳಗಿದ್ದ ಮರ ಮಾಯ. ನೆನೆಸಿದ ರಸ್ಕಿನಂಥ ಒಂದು ಮುದ್ದೆ ಮೂಲೆಯಲ್ಲಿ ಕೂತಿತ್ತು. ಕೈಯಲ್ಲೇ ಬಾಚಿ ತೆಗೆದೆ.

ಟ್ರಾನ್ಸಮ್‌ನ ಹೊರಪದರ ಉಳಿಸಿಕೊಂಡೆ. ಒಳಪದರ ಕೊಯ್ದು ಉಳಿ, ಸುತ್ತಿಗೆ ಹಿಡಿದು ಕೂತೆ. ಮೇಲಿನ ಮುಕ್ಕಾಲು ಭಾಗ ಅರ್ಧ ಗಂಟೆಯಲ್ಲಿ ಬಂತು. ಬಲಗಡೆ ಕೆಳಮೂಲೆಯಲ್ಲಿ ಒಂದು ಅಂಗೈಯಷ್ಟು ಒಳ್ಳೆ ಮರ ಉಳಿದಿತ್ತು, ಅದಕ್ಕೆ ಎರಡು ದಿನ ಹಿಡಿಯಿತು. ಅದು ಮಾತ್ರ ಯಾಕೆ ಉಳಿಯಿತು ಅಂತ ನೋಡುತ್ತಾ ಕೂತಾಗ ದೋಣಿಯ ಕಥೆ ಬಿಚ್ಚಿಕೊಂಡಿತು. ಹಗ್ಗ ಕಟ್ಟುವ ಒಂದು ಕೊಂಡಿ ಎಡಗಡೆಗೆ ಇತ್ತು, ನಾಲ್ಕು ಸ್ಕ್ರೂ. ಮೂಲ ದೋಣಿಯದಲ್ಲ, ಆಮೇಲೆ ಯಾರೋ ಹಾಕಿದ್ದು. ಮೂರು ಸ್ಕ್ರೂ ಸ್ಟೀಲು, ನಾಲ್ಕನೆಯದು ಮಾಮೂಲಿ ಕಬ್ಬಿಣದ್ದು, ತುಕ್ಕು ಹಿಡಿದು ಬೆಂಕಿಕಡ್ಡಿಯಷ್ಟು ಸಣ್ಣಗಾಗಿತ್ತು. ಅದರ ತೂತಿನ ಸುತ್ತ ಮರ ಕರಿ. ಕರಿ ಅಲ್ಲಿಂದ ಕೆಳಕ್ಕೆ ಇಳಿದು, ನೀರು ಬಸಿಯುವ ತೂತಿನ ಹತ್ತಿರ ಇನ್ನೊಂದು ಕರಿಯ ಜೊತೆ ಸೇರಿತ್ತು. ಕೊಂಡಿ ಹಾಕಿದವನು ತೂತಿಗೆ ಒಂದು ತೊಟ್ಟು ಅಂಟು ಬಿಟ್ಟಿದ್ದರೆ ಈ ದೋಣಿ ನನ್ನ ಕೈಗೆ ಬರುತ್ತಿರಲಿಲ್ಲ.

ಉಜ್ಜುವ ಕೆಲಸದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಹಳೇ ಫೈಬರ್ ಮೇಲೆ ಹೊಸದು ಹಿಡಿಯಬೇಕಾದರೆ 40 ನಂಬರ್ ಡಿಸ್ಕಿನಲ್ಲಿ ಹೊಳಪು ಹೋಗುವ ತನಕ ಉಜ್ಜಬೇಕು. ಗಾಜಿನ ಧೂಳು ಚರ್ಮಕ್ಕೆ ಹೊಕ್ಕರೆ ಕಬ್ಬಿನ ಗರಿ ಸವರಿದ ಹಾಗೆ ತುರಿಕೆ. ಕಬ್ಬು ಕಡಿದವರಿಗೆ ಅರ್ಥವಾಗುತ್ತದೆ. ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ಮೂಗಿಗೆ ಫಿಲ್ಟರ್ ಇರುವ ಮಾಸ್ಕ್. ಬಟ್ಟೆ ಮಾಸ್ಕ್ ಸುಮ್ನೆ. ಸಂಜೆ ಸೆಲೋಟೇಪ್ ಒತ್ತಿ ಕಿತ್ತು, ಆಮೇಲೆ ತಣ್ಣೀರು ಸ್ನಾನ. ನನ್ನ ಬಟ್ಟೆಯನ್ನು ಅಮ್ಮ ಮನೆಯ ಬಟ್ಟೆ ಜೊತೆ ಒಗೆಯಲು ಬಿಡಲಿಲ್ಲ, ಬಿಡಲೂಬಾರದು.

ಒಣಗಿಸಲು ಐದು ವಾರ. ಒಂದು ಚದರಡಿ ಪಾಲಿಥೀನ್ ಹಾಳೆಯನ್ನು ಫೈಬರ್ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಿಡಬೇಕು. ಬೆಳಗ್ಗೆ ಒಳಗಡೆ ಬೆವರು ಕಟ್ಟಿದ್ದರೆ ಇನ್ನೂ ಆರಿಲ್ಲ ಎಂದರ್ಥ. ಮೂರು ಸಲ ಬೆವರಿತು. ನಾಲ್ಕನೇ ಸಲ ಹಾಳೆ ಒಣಗಿಯೇ ಇತ್ತು.

ಈ ಮಧ್ಯೆ ಪ್ಲೈವುಡ್ ತಂದು ಮೋಸ ಹೋದೆ. ಒಂದು ಅಂಗಡಿಯಲ್ಲಿ "ವಾಟರ್‌ಪ್ರೂಫ್, ಮರೀನ್ ಪ್ಲೈ" ಅಂತ ಕೊಟ್ಟರು. ಬೆಲೆಯೂ ಹಾಗೇ ಇತ್ತು. ಹಲಗೆ ಮೇಲೆ ಐಎಸ್ 710 ಮುದ್ರೆ ಇರಬೇಕು, ಮರೀನ್ ಪ್ಲೈವುಡ್‌ಗೆ ನಮ್ಮಲ್ಲಿ ಇರುವ ಗುಣಮಟ್ಟದ ನಂಬರ್ ಅದು. ನನ್ನದರಲ್ಲಿ ಇರಲಿಲ್ಲ. "ಅಂಚು ಕೊಯ್ಯುವಾಗ ಹೋಗಿದೆ" ಎಂದರು. ನಂಬಿದೆ ನೋಡಿ! ಮೈಸೂರಲ್ಲಿ ಫೈಬರ್ ಕೆಲಸ ಮಾಡುವ ಗೆಳೆಯನೊಬ್ಬ ಇದ್ದಾನೆ. ಹೋಟೆಲ್ ಮುಂದಿನ ಆನೆ, ಮದುವೆ ಮಂಟಪದ ಕಮಾನು, ದಸರಾ ಸ್ತಬ್ಧಚಿತ್ರದ ಬೊಂಬೆ ಎಲ್ಲ ಮಾಡುತ್ತಾನೆ. "ಒಂದು ತುಂಡು ಬೇಯಿಸಿ ನೋಡು ಗುರೂ" ಎಂದ. ನಿಜವಾದ ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ನಾನು ಹಿತ್ತಲ ಒಲೆ ಮೇಲೆ ಹಳೇ ತಪ್ಪಲೆಯಲ್ಲಿ ಹಾಕಿದೆ. ಮೂರು ಗಂಟೆಗೆ ಪದರಗಳು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡವು. "ಬೆಂದಿದೆಯೇನೋ, ಉಪ್ಪು ಹಾಕ್ಲಾ?" ಎಂದು ಅಮ್ಮ ಕೇಳಿದರು. ಆ ಹಲಗೆ ಈಗ ಕೋಳಿಗೂಡಿನ ಬಾಗಿಲು. ಎರಡನೇ ಸಲ ಮುದ್ರೆ ನೋಡಿ, ಒಂದು ತುಂಡು ಮೊದಲೇ ಈಸಿಕೊಂಡು, ಒಂದು ಹಗಲು ಒಂದು ರಾತ್ರಿ ಕುದಿಸಿ, ಆಮೇಲೆ ದುಡ್ಡು ಕೊಟ್ಟೆ. ಅಂಗಡಿಯವನು ನಕ್ಕ. ನಗಲಿ.

ಇನ್ನು ರೆಸಿನ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಗೊಂದಲ ಮಾಡಿಕೊಂಡಿದ್ದೆ.

ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಎರಡು ಬಗೆ. ಪಾಲಿಯೆಸ್ಟರ್ ಅಗ್ಗ, ನನ್ನ ಗೆಳೆಯ ಆನೆ ಮಾಡುವುದು ಅದರಲ್ಲೇ. ದೋಣಿಯ ಚಿಪ್ಪೂ ಅದರದ್ದೇ. ಆದರೆ ಮರಕ್ಕೆ ಅದರ ಹಿಡಿತ ಸಾಲದು, ವರ್ಷ ಕಳೆದಂತೆ ಸಿಪ್ಪೆಯಂತೆ ಬಿಡುತ್ತದೆ. ಎಪಾಕ್ಸಿ ದುಬಾರಿ, ಆದರೆ ಮರಕ್ಕೂ ಹಳೇ ಫೈಬರ್‌ಗೂ ಗಟ್ಟಿಯಾಗಿ ಹಿಡಿಯುತ್ತದೆ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಾಕಬಹುದು. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನಂಬಬಾರದು. ಹಾಗಾಗಿ ಮರ ಇರುವ ಕಡೆಯೆಲ್ಲ ಎಪಾಕ್ಸಿ, ಹೊರಮೈಯ ಬಿರುಕಿಗೆ ಮಾತ್ರ ಪಾಲಿಯೆಸ್ಟರ್ ಅಂತ ಮಾಡಿಕೊಂಡೆ. ಗಾಜಿನ ಬಟ್ಟೆಯಲ್ಲೂ ವ್ಯತ್ಯಾಸ ಇದೆ. ತುಂಡು ಎಳೆಗಳ ಮ್ಯಾಟ್ ಸಿಗುತ್ತದಲ್ಲ, ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗಿ ಮೆತ್ತಗಾಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಸೆಟೆದುಕೊಂಡೇ ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಬೇಕು.

ಗಟ್ಟಿಯಾಗಿಸುವ ರೀತಿಯೂ ಬೇರೆ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟ್ ಶೇಕಡಾ 1ರಿಂದ 2ರಷ್ಟು. ಬಿಸಿಲು ಜಾಸ್ತಿ ಇದ್ದರೆ ಕಡಿಮೆ, ಚಳಿ ಇದ್ದರೆ ಸ್ವಲ್ಪ ಜಾಸ್ತಿ. ಎಪಾಕ್ಸಿಯಲ್ಲಿ ಆ ಆಟ ನಡೆಯುವುದಿಲ್ಲ. ನಾನು ತಂದದ್ದು 2 ಪಾಲಿಗೆ 1 ಪಾಲು ಹಾರ್ಡ್ನರ್. ಬೇಗ ಆಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಕೊನೆತನಕ ಮೆತ್ತಗೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಪಾಲಿಯೆಸ್ಟರ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್ ಒಂದು, ನೀರಿನಂತಿರುವ ಕ್ಯಾಟಲಿಸ್ಟ್ ಇನ್ನೊಂದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಎರಡಕ್ಕೂ ಒಂದೇ ಅಳತೆ ಮುಚ್ಚಳ ಬಳಸಬೇಡಿ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಈ ಕಾರಣಕ್ಕೆ ದೊಡ್ಡಪ್ಪನ ಬೀಡಿಯನ್ನು ಆಲೆಮನೆಯಿಂದ ಆಚೆ ಮಾವಿನ ಮರದ ತನಕ ಅಟ್ಟಿದೆ. ಅವರದೇ ಜಾಗದಿಂದ ಅವರನ್ನೇ ಓಡಿಸಿದ ಸಿಟ್ಟು ನಾಲ್ಕು ದಿನ ಇತ್ತು.

ಅವರು ವಾಪಸ್ ಬಂದದ್ದು ಹೊಗೆ ನೋಡಿ. ಮೊದಲ ದಿನ ಎಪಾಕ್ಸಿ ಒಂದು ಕೆಜಿ ಒಟ್ಟಿಗೇ ಪ್ಲಾಸ್ಟಿಕ್ ಮಗ್ಗಿನಲ್ಲಿ ಕಲಸಿದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆ, ತಗಡಿನ ಕೆಳಗೆ. ಬ್ರಷ್ ಹುಡುಕಿ ಬರುವಷ್ಟರಲ್ಲಿ ಮಗ್ ಮುಟ್ಟಲಾಗದಷ್ಟು ಬಿಸಿ. ಬಿಳಿ ಹೊಗೆ ಎದ್ದಿತು, ಮಗ್ ಒಂದು ಪಕ್ಕಕ್ಕೆ ವಾಲಿ ಕರಗಿತು. ಕಡ್ಡಿ ಚುಚ್ಚಿದರೆ ಕಲ್ಲು. ಗಟ್ಟಿಯಾಗುವಾಗ ರೆಸಿನ್ ತಾನೇ ಶಾಖ ಬಿಡುತ್ತದೆ, ಆ ಶಾಖಕ್ಕೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಗುಡ್ಡೆಯಾಗಿದ್ದಷ್ಟೂ ಕೆಟ್ಟದ್ದು.

ದೊಡ್ಡಪ್ಪ ಕರಗಿದ ಮಗ್ಗನ್ನು ಕಡ್ಡಿಯಲ್ಲಿ ತಿರುಗಿಸಿ ನೋಡಿದರು. "ಪಾಕ ಮಿಂಚೋಯ್ತು. ಕೊಪ್ಪರಿಗೇಲಿ ಬಿಡ್ತಾರೇನ್ಲಾ? ಹರವಬೇಕು" ಎಂದರು.

ಅಷ್ಟೇ ಬೇಕಾಗಿದ್ದದ್ದು. ಬೆಲ್ಲದ ಪಾಕ ಹದಕ್ಕೆ ಬಂದ ಕೂಡಲೇ ಕೊಪ್ಪರಿಗೆಯಿಂದ ಇಳಿಸಿ ಅಗಲವಾಗಿ ಹರವಿ ಆರಿಸುತ್ತಾರಲ್ವಾ. ಮಾರನೇ ದಿನದಿಂದ 300 ಗ್ರಾಂಗಿಂತ ಜಾಸ್ತಿ ಕಲಸಲಿಲ್ಲ. ಕಲಸಿದ ತಕ್ಷಣ ಅಗಲ ತಟ್ಟೆಗೆ ಸುರಿಯುವುದು. ಬೆಳಗ್ಗೆ ಆರರಿಂದ ಒಂಬತ್ತರ ತನಕ ಮಾತ್ರ ಕೆಲಸ. ದೊಡ್ಡಪ್ಪ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂರಲು ಶುರು ಮಾಡಿದರು. ಕಡ್ಡಿ ಅದ್ದಿ ಎತ್ತುವುದು, ಎಳೆ ಹೇಗೆ ಬೀಳುತ್ತದೆ ನೋಡುವುದು. ತೊಟ್ಟಾಗಿ ಬೀಳುವ ತನಕ ಸುಮ್ಮನಿರುತ್ತಿದ್ದರು. ಎಳೆ ತುಂಡಾಗದೆ ಜಗ್ಗಿ ಕಡ್ಡಿಗೆ ವಾಪಸ್ ಸೇದಿಕೊಂಡರೆ "ಬುಡು, ಬಂತು" ಎನ್ನುತ್ತಿದ್ದರು. ನಾನು ಬ್ರಷ್ ಎತ್ತುತ್ತಿದ್ದೆ. ಫೋನಿನಲ್ಲಿ ಇಪ್ಪತ್ತು ನಿಮಿಷ ಅಂತ ಟೈಮರ್ ಇಟ್ಟಿರುತ್ತಿದ್ದೆ. ಬಿಸಿಲಿನ ದಿನ ಅದು ಹೊಡೆದುಕೊಳ್ಳುವ ಮುಂಚೆಯೇ ಇವರು ಹೇಳಿಬಿಡುತ್ತಿದ್ದರು. ಅವರು ಒಮ್ಮೆಯೂ ತಪ್ಪಲಿಲ್ಲ.

ಟ್ರಾನ್ಸಮ್‌ಗೆ ಟಿವಿ ಡಬ್ಬದ ರಟ್ಟಿನಲ್ಲಿ ಅಚ್ಚು ಕೊಯ್ದು, 19 ಮಿಮೀ ಪ್ಲೈ ಎರಡು ಹಲಗೆ ಅಂಟಿಸಿದೆ. ಅಂಟಿಗೆ ಎಪಾಕ್ಸಿ ಜೊತೆ ಸಣ್ಣ ಮರದ ಪುಡಿ. ಸಾ ಮಿಲ್ಲಿನಿಂದ ತಂದು ರಾಗಿಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದದ್ದು. ಹೊಸ ಜರಡಿ ಕೊಡಿಸಿ ಆ ಪ್ರಕರಣ ಮುಗಿಸಿದೆ. ಕಡಲೆಕಾಯಿ ಚಟ್ನಿಯಷ್ಟು ಗಟ್ಟಿ ಇರಬೇಕು. ಟೈಲ್ಸ್ ಕೂರಿಸುವವರ ಹಲ್ಲಿನ ಕರಣೆಯಲ್ಲಿ ಹೊರಪದರದ ಒಳಮೈಗೆ ಹರವಿದೆ. ಹಲ್ಲಿನ ಗೆರೆ ಇದ್ದರೆ ಹಲಗೆ ಒತ್ತುವಾಗ ಗಾಳಿ ಗೆರೆಯ ದಾರಿಯಲ್ಲಿ ಆಚೆ ಹೋಗುತ್ತದೆ, ಒಳಗೆ ಗುಳ್ಳೆ ಉಳಿಯುವುದಿಲ್ಲ. ಬಿಗಿ ಹಿಡಿಯಲು ಕ್ಲ್ಯಾಂಪು ಸಾಲಲಿಲ್ಲ. ಆಲೆಮನೆ ಕಂಬಕ್ಕೂ ಹಲಗೆಗೂ ನಡುವೆ ಕಾರಿನ ಜಾಕ್ ಕೊಟ್ಟು ಒತ್ತಿದೆ. ಸುತ್ತಲೂ ಅಂಟು ಒಂದೇ ಸಮ ಉಕ್ಕಿತು. ಅದನ್ನು ನೋಡಿದ ಸಮಾಧಾನಕ್ಕೆ ಅವತ್ತು ಮಧ್ಯಾಹ್ನ ಎರಡು ಮುದ್ದೆ ಉಂಡೆ.

ತೊಲೆಗಳನ್ನು ಕೂರಿಸಿ, ಮೂಲೆಗೆ ಅದೇ ಚಟ್ನಿ ತುಂಬಿ ಊಟದ ಚಮಚದ ಬೆನ್ನಿನಲ್ಲಿ ಸವರಿದೆ. ಮೂಲೆ ಚೂಪಾಗಿದ್ದರೆ ಗಾಜಿನ ಬಟ್ಟೆ ಅಲ್ಲಿ ಎದ್ದು ನಿಲ್ಲುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಪ್ರತಿ ತೊಲೆಯ ಬುಡದಲ್ಲೂ ನೀರು ಹಾಯಲು ತೂತು, ಆ ತೂತಿಗೆ ವೈರಿಂಗ್ ಪಿವಿಸಿ ಪೈಪಿನ ತುಂಡು, ಸುತ್ತ ಎಪಾಕ್ಸಿ. ಮೊದಲು ಅಲ್ಲಿ ಏನೂ ಬಳಿಯದ ಬರೀ ಮರವಿತ್ತು. ರಾತ್ರಿ ಕಳೆದ ಎಪಾಕ್ಸಿ ಮೇಲೆ ಮೇಣದಂಥ ಒಂದು ಪೊರೆ ಕಟ್ಟುತ್ತದೆ, ನಮ್ಮ ನಾಲೆ ಬಯಲಿನ ತೇವದ ಗಾಳಿಗೆ ಇನ್ನೂ ಜಾಸ್ತಿ. ನೀರು ಹಾಕಿ ನಾರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಉಜ್ಜಿಯೇ ಮುಂದಿನ ಪದರ ಹಾಕಬೇಕು.

ಫೋಮಿನ ಜಾಗಕ್ಕೆ ಥರ್ಮಾಕೋಲ್ ತುಂಬೋಣ ಅಂದುಕೊಂಡಿದ್ದೆ. ಗೆಳೆಯ ಏನೂ ಹೇಳದೆ ಒಂದು ತುಂಡಿನ ಮೇಲೆ ನಾಲ್ಕು ತೊಟ್ಟು ಪಾಲಿಯೆಸ್ಟರ್ ಬಿಟ್ಟ. ಸಕ್ಕರೆ ಮೇಲೆ ಬಿಸಿನೀರು ಬಿದ್ದಂತೆ ಕುಸಿಯಿತು. ಕೊನೆಗೆ ಸುಲಭವಾಗಿ ನೀರು ಕುಡಿಯದ ಪಿಯು (ಪಾಲಿಯುರೆಥೇನ್) ಫೋಮಿನ ಹಲಗೆ ತಂದು, ಕೆಳಗೆ ನೀರು ಹರಿಯಲು ಜಾಗ ಬಿಟ್ಟು, ಬೇಕೆಂದಾಗ ಎತ್ತಿ ನೋಡುವಂತೆ ಇಟ್ಟೆ. ಮೇಲೆ 12 ಮಿಮೀ ನೆಲ, ಕೆಳಮೈಗೂ ಅಂಚಿಗೂ ಮೂರು ಕೈ ಎಪಾಕ್ಸಿ. ಹೊರಗಿನ ಬಿರುಕಿಗೆ ಸುತ್ತ ಇಳಿಜಾರಾಗಿ ಉಜ್ಜಿ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ. ಬಣ್ಣದ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಬಿಳಿ, ಅಂಚಿಗೆ ಹಸಿರು.

ಕಾವೇರಿಗೆ ಅಥವಾ ಕನ್ನಂಬಾಡಿ ಹಿನ್ನೀರಿಗೆ ಹೇಳದೆ ಕೇಳದೆ ಇಳಿಸುವ ಹಾಗಿಲ್ಲ, ಅನುಮತಿ ಬೇಕು. ಮೊದಲ ಪರೀಕ್ಷೆ ಪಕ್ಕದ ತೋಟದ ಕೃಷಿ ಹೊಂಡದಲ್ಲಿ. ಈ ಸಲ ನಾಲ್ಕು ಜನ ಎತ್ತಿದೆವು, ಮಾತಾಡಿಕೊಂಡೇ ಹೋದೆವು. ಲೈಫ್ ಜಾಕೆಟ್ ಹಾಕಿಕೊಂಡು ದೊಡ್ಡಪ್ಪ ಮಧ್ಯೆ ಕೂತರು, ತಲೆಗೆ ಟವೆಲ್ ಸುತ್ತಿ. ನಾನು ಹುಟ್ಟು ಹಾಕಿದೆ. ಇಪ್ಪತ್ತು ನಿಮಿಷ ಸುತ್ತಿದ ಮೇಲೆ ಟ್ರಾನ್ಸಮ್ ಬುಡದಲ್ಲಿ ಒಂದು ಬೊಗಸೆ ನೀರು. ಎದೆ ಧಸಕ್ ಎಂದಿತು. ಬಸಿಯುವ ತೂತಿನ ಹಿತ್ತಾಳೆ ಪೈಪಿನ ಸುತ್ತ ಅಂಟು ಒಂದು ಕಡೆ ಹಿಡಿದಿರಲಿಲ್ಲ. ಮನೆಗೆ ತಂದು ಪೈಪ್ ಕಿತ್ತು, ತೂತನ್ನು ಬೇಕಾದ್ದಕ್ಕಿಂತ ದೊಡ್ಡದು ಮಾಡಿ, ಪೂರ್ತಿ ಗಟ್ಟಿ ಎಪಾಕ್ಸಿ ತುಂಬಿದೆ. ಅದು ಕಲ್ಲಾದ ಮೇಲೆ ನಡುವೆ ಹೊಸ ತೂತು ಕೊರೆದೆ. ಹೀಗೆ ಮಾಡಿದರೆ ಪೈಪಿಗೂ ಮರಕ್ಕೂ ನಡುವೆ ಎಪಾಕ್ಸಿಯದೇ ಒಂದು ಗೋಡೆ ಇರುತ್ತದೆ. ಸ್ಕ್ರೂ ಹಾಕುವ ಕಡೆಯೆಲ್ಲ ಇದೇ ಕ್ರಮ. ಎರಡನೇ ಸಲ ಹೊಂಡದಲ್ಲಿ ಒಂದು ಗಂಟೆ ಬಿಟ್ಟೆ, ಒಳಗೆ ಸವರಿದ ಬಟ್ಟೆ ಒಣಗೇ ಇತ್ತು.

ಲೆಕ್ಕ ಕೇಳಿದವರಿಗೆ: ದೋಣಿ ಬಿಟ್ಟು 41,000 ಚಿಲ್ಲರೆ ಆಗಿದೆ, ಅದರಲ್ಲಿ ಕೋಳಿಗೂಡಿನ ಬಾಗಿಲೂ ಸೇರಿದೆ. ಹೊಸ ತೆಪ್ಪ ಎಷ್ಟಕ್ಕೆ ಬರುತ್ತಿತ್ತು ಅಂತ ದೊಡ್ಡಪ್ಪ ಪ್ರತಿ ವಾರ ನೆನಪಿಸುತ್ತಾರೆ. ಹಗ್ಗ ಕಟ್ಟುವ ಕೊಂಡಿ ಮಾತ್ರ ಇನ್ನೂ ಬಾಕಿ. ಮೊನ್ನೆ ಡ್ರಿಲ್ ಮೆಷಿನ್ ವೈರು ಬಿಚ್ಚುತ್ತಿದ್ದೆ. ಮಾವಿನ ಮರದ ಕೆಳಗಿಂದಲೇ ಕೂಗಿದರು: "ಮತ್ತೆ ತೂತ್ ಮಾಡ್ತೀಯೇನ್ಲಾ?"